ನಾನೂರ ಹದಿನಾಲ್ಕನೆಯ ಅಕ್ಷರದಲ್ಲಿ ನಿಂತಿದ್ದ ಕೋಣ

ಅಂತರ್ಜಾಲದಲ್ಲಿ ಬಾಡಿಗೆಯಿಲ್ಲದೆ ನೆಲೆಸಿ, ಡಿಎನ್‌ಎ ಅಕ್ಷರಮಾಲೆಗಳಲ್ಲಿ ಬೇಕಾದ ಪದವನ್ನು ಹುಡುಕಿಕೊಡುವ ಮಾನ್ಯ ಶೋಧಕ ಯಂತ್ರದವರ ಸನ್ನಿಧಾನಕ್ಕೆ.

ಮಾನ್ಯರೇ,

ಯಾವ ದೇಶದ ಯಾವ ವಿಶ್ವವಿದ್ಯಾಲಯದ ಯಾವ ಮೂಲೆಯ ಪೆಟ್ಟಿಗೆಯಲ್ಲಿ ತಮ್ಮ ವಾಸವೋ ನಾನರಿಯೆ. ಆದರೂ ಇಡುಕ್ಕಿ ಬೆಟ್ಟಗಳ ಬುಡದ ಒಂದು ಮಾಂಸ ಪರೀಕ್ಷಾ ಪ್ರಯೋಗಾಲಯದಿಂದ, ಮಧ್ಯಾಹ್ನದ ಗಂಜಿ ಉಂಡು ಕೈ ತೊಳೆದು, ತಮಗೆ ಎರಡೂ ಕೈ ಜೋಡಿಸಿ ನಮಸ್ಕರಿಸುತ್ತಿದ್ದೇನೆ. ತಾವು ಕ್ಷೇಮವೆಂದು ನಂಬಿದ್ದೇನೆ. ನೆಗಡಿ, ರಜೆ, ಮಗಳ ಮದುವೆ, ಹರತಾಳ ಇವ್ಯಾವುವೂ ಬಾಧಿಸದ ತಮಗೆ ಕ್ಷೇಮವಾಗಿರುವುದಲ್ಲದೆ ಬೇರೆ ದಾರಿಯೂ ಇಲ್ಲ.

ಆರು ವರ್ಷಗಳಿಂದ ದಿನಕ್ಕೆ ಹತ್ತು ಸಲ ತಮ್ಮ ಬಳಿ ಬರುತ್ತಿದ್ದರೂ ತಮಗೆ ನನ್ನ ಗುರುತಿರಲಾರದು. ನಾನು ಗಿರಿಜಾ ಪಿಷಾರಡಿ. ದೇವಸ್ಥಾನಕ್ಕೆ ಹೂಮಾಲೆ ಕಟ್ಟಿಕೊಡುವ ಮನೆತನದಲ್ಲಿ ಹುಟ್ಟಿ, ಮೊಟ್ಟೆಯನ್ನೂ ಮುಟ್ಟದೆ ಬೆಳೆದು, ಈಗ ಸರ್ಕಾರದ ನೌಕರಿಯಲ್ಲಿ ಹಸು, ಕೋಣ, ಹಂದಿ, ಕಡವೆಗಳ ಮಾಂಸದ ಚೂರುಗಳನ್ನು ಪರೀಕ್ಷಿಸಿ, ಇದು ಇಂಥ ಪ್ರಾಣಿಯದು ಎಂದು ಬರೆದು ಸಹಿ ಹಾಕುವವಳು. ನಾನು ರುಚಿ ಅರಿತ ಪ್ರಾಣಿ ಈ ಜಿಲ್ಲೆಯಲ್ಲಿಲ್ಲ, ನಾನು ಗುರುತು ಹಿಡಿಯದ ಪ್ರಾಣಿಯೂ ಇಲ್ಲ ಎಂದು ಮೊನ್ನೆಮೊನ್ನೆಯವರೆಗೂ ಬೀಗುತ್ತಿದ್ದೆ. ಆ ಜಂಬ ತಮ್ಮ ಕೃಪೆಯಿಂದಲೇ ಬಂದದ್ದು, ತಮ್ಮ ಕೃಪೆಯಿಂದಲೇ ಹೋಯಿತು.

ಈ ಬಹಿರಂಗ ಪತ್ರವನ್ನು ಊರಿನ ಜನವೂ ಓದುವರಾದ್ದರಿಂದ ತಮ್ಮ ಮಹಿಮೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಜೀವವಿರುವ ಎಲ್ಲದರ ಒಳಗೂ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹವಿದೆ. ಮಾಂಸದ ಚೂರಿನಿಂದ ಆ ಬರಹದ ಆರುನೂರು ಅಕ್ಷರಗಳಷ್ಟನ್ನು ನಮ್ಮ ಓದುಯಂತ್ರ ಓದಿಕೊಡುತ್ತದೆ. ಅದನ್ನು ತಮ್ಮ ಮೊದಲ ಚೌಕದಲ್ಲಿ ಸುರಿಯುತ್ತೇನೆ. ಎರಡನೆಯ ಚೌಕದಲ್ಲಿ ಹದಿಮೂರು ಅಕ್ಷರಗಳ ಒಂದು ಪುಟ್ಟ ಪದ ಇಡುತ್ತೇನೆ. ಕೋಣಕ್ಕೆ ಒಂದು ಪದ, ಹಸುವಿಗೆ ಇನ್ನೊಂದು, ಕಾಡುಕೋಣಕ್ಕೆ ಮತ್ತೊಂದು. ಗುಂಡಿ ಒತ್ತಿದರೆ ತಾವು ರೆಪ್ಪೆ ಬಡಿಯುವುದರೊಳಗೆ, ಪದ ಇಂಥಲ್ಲಿದೆ ಎಂದೋ ಇಲ್ಲವೆಂದೋ ಹೇಳಿಬಿಡುತ್ತೀರಿ. ನಮ್ಮ ತಾಲೂಕು ಕಚೇರಿಯಲ್ಲಿ ಒಂದು ಜಾತಿ ಪ್ರಮಾಣಪತ್ರಕ್ಕೆ ಮೂರು ವಾರ ಹಿಡಿಯುವಾಗ, ಒಂದು ಕೋಣದ ಜಾತಿಯನ್ನು ತಾವು ಒಂದು ಕ್ಷಣದಲ್ಲಿ ಹೇಳುವುದನ್ನು ಕಂಡು ನನಗೆ ರೋಮಾಂಚನವಾಗುತ್ತಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆ ಮೇಲೇರಿದರೆ ಚೆಂಬನ್‌ಪಾರ ಎಂಬ ಊರು. ಅಲ್ಲಿ ಎಪ್ಪತ್ತೊಂದು ವರ್ಷದ ಶೋಶಮ್ಮ ಇದ್ದಾರೆ. ಹಿರಿಯ ಹೆಂಗಸೆಂದು ಊರವರೆಲ್ಲ ಅವರನ್ನು ಶೋಶಮ್ಮ ಚೇಡತ್ತಿ ಎನ್ನುತ್ತಾರೆ. ಮೊಮ್ಮಗಳು ಜೆಸ್ಲಿನ್ ಇಗರ್ಜಿಯಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವ ಭಾನುವಾರ ಹತ್ತಿರ ಬಂದಿತ್ತು. ಆ ದಿನದ ಊಟಕ್ಕೆಂದು ಅಜ್ಜಿ ಕೋಣದ ಮಾಂಸ ತರಿಸಿ, ಉಪ್ಪು, ಅರಿಶಿನ, ಕಾಳುಮೆಣಸು ಸವರಿ, ಒಲೆಯ ಹೊಗೆ ತಾಗುವಂತೆ ಮೇಲೆ ಹಗ್ಗಕ್ಕೆ ಕೋದು ಒಣಗಲು ಬಿಟ್ಟಿದ್ದರು. ಆ ಬೆಟ್ಟದ ಯಾವ ಅಡುಗೆಮನೆಯಲ್ಲಿ ತಲೆ ಎತ್ತಿದರೂ ಕಾಣುವ ನೋಟ ಅದು.

ಅದೇ ವಾರ ಮೂರು ಕಿಲೋಮೀಟರ್ ಆಚೆಯ ಏಲಕ್ಕಿ ತೋಟದಲ್ಲಿ ಯಾರೋ ಕಾಡುಕೋಣವೊಂದಕ್ಕೆ ಗುಂಡು ಹೊಡೆದು ಒಂದು ತೊಡೆ ಕೊಯ್ದುಕೊಂಡು ಹೋಗಿದ್ದರು. ಹೆಸರು ಹೇಳದವರ ಒಂದು ಫೋನು ಅರಣ್ಯ ಕಚೇರಿಗೆ ಹೋಯಿತು. ಬುಧವಾರ ಬೆಳಿಗ್ಗೆ ರೇಂಜರ್ ಸಜೀವನ್ ನಾಲ್ಕು ಜನರೊಡನೆ ಬಂದು ಶೋಶಮ್ಮನವರ ಒಲೆಯ ಮೇಲಿನ ಹಗ್ಗವನ್ನು ಬಿಚ್ಚಿಸಿದರು. ಬಾಡಿಗೆ ಜೀಪು ಓಡಿಸುವ ಅವರ ಮಗ ಬಿಜೋಯಿಯ ಕೈ ಹಿಡಿದಾಗ ಚೇಡತ್ತಿ ಬಾಗಿಲಿಗೆ ಅಡ್ಡ ನಿಂತರಂತೆ.

“ಅಡುಗೆಮನೆ ನಂದು, ಒಲೆ ನಂದು, ಮೇಲೆ ನೇತಾಡ್ತಿರೋದೂ ನಂದು. ಈ ಮನೇಲಿ ಉಪ್ಪಿನ ಭರಣಿ ಎಲ್ಲಿದೆ ಅಂತ ಅವನಿಗೆ ಗೊತ್ತಿಲ್ಲ. ಅವನೇನು ಮಾಂಸ ಒಣಗಿಸ್ತಾನೆ? ಕರ್ಕೊಂಡು ಹೋಗೋದಾದ್ರೆ ನನ್ನನ್ನ ಕರ್ಕೊಂಡು ಹೋಗು ಸಜೀವಾ. ಸ್ವಲ್ಪ ತಡಿ, ಒಗೆದ ಬಟ್ಟೆ ಉಟ್ಕೊಂಡು ಬರ್ತೀನಿ.”

ಬಿಳಿಯ ಸಡಿಲ ರವಿಕೆ, ಸೊಂಟಕ್ಕೆ ಬಿಳಿಯ ಮುಂಡು, ಕಿವಿಯಲ್ಲಿ ದಪ್ಪ ಬಳೆಯಂಥ ಓಲೆ, ಕೈಯಲ್ಲಿ ಜಪಮಾಲೆ. ಹೀಗೆ ಇಲಾಖೆಯ ಜೀಪಿನಲ್ಲಿ ಕೂತು ಅವರು ಇಳಿದು ಹೋದರು. ಕಾಡುಕೋಣದ ಪ್ರಕರಣದಲ್ಲಿ ಜಾಮೀನು ಸುಲಭವಲ್ಲ. ಪ್ರಯೋಗಾಲಯದ ವರದಿ ಬರಲಿ, ಸಾಕಿದ ಪ್ರಾಣಿಯದೆಂದು ತಿಳಿದರೆ ಅಂದೇ ಬಿಡೋಣ ಎಂದು ಮ್ಯಾಜಿಸ್ಟ್ರೇಟರು ಹದಿನಾಲ್ಕು ದಿನ ಹೆಂಗಸರ ಜೈಲಿಗೆ ಕಳಿಸಿದರು. ಸಾಕಿದ ಕೋಣಕ್ಕೂ ಕಾಡಿನ ಕೋಣಕ್ಕೂ ನಡುವೆ ಇರುವುದು ‘ಕಾಡು’ ಎಂಬ ಎರಡಕ್ಷರ. ಆ ಎರಡಕ್ಷರ ಇದೆಯೋ ಇಲ್ಲವೋ ಎಂಬುದರ ಮೇಲೆ ಒಬ್ಬ ಅಜ್ಜಿಯ ಭಾನುವಾರ ನಿಂತಿತ್ತು. ಅದನ್ನು ಹೇಳಬೇಕಾದವಳು ನಾನು. ನಾನು ಕೇಳಿದ್ದು ತಮ್ಮನ್ನು.

ಮಾನ್ಯರೇ, ಐದನೆಯ ದಿನ ನಾನು ಆರುನೂರು ಅಕ್ಷರಗಳನ್ನು ತಮ್ಮ ಮುಂದಿಟ್ಟು ಕೋಣದ ಪದ ಕೇಳಿದೆ. ತಾವು ಸೊನ್ನೆ ಎಂದಿರಿ. ಹಸು? ಸೊನ್ನೆ. ಹಾಗಾದರೆ ಕಾಡುಕೋಣವೇ ಇರಬೇಕೆಂದು ಎದೆ ಗಟ್ಟಿ ಮಾಡಿ ಅದನ್ನೂ ಕೇಳಿದೆ. ಅದಕ್ಕೂ ಸೊನ್ನೆ. ತಮ್ಮ ನಿಷ್ಪಕ್ಷಪಾತವನ್ನು ಮೆಚ್ಚಲೇಬೇಕು. ನಾಡಿಗೂ ಕಾಡಿಗೂ ಒಂದೇ ಉತ್ತರ ಕೊಡುವ ಅಧಿಕಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಮುಖ್ಯಸ್ಥರಾದ ಉತುಪ್ಪ್ ಸಾರ್ ಕನ್ನಡಕ ಹಣೆಗೇರಿಸಿ ಪರದೆ ನೋಡಿದರು. “ಕಡವೆ ಕೇಳಿ ನೋಡು. ಕಾಡುಹಂದಿ ಕೇಳು. ಮುಳ್ಳುಹಂದಿ?” ಎಂದರು. ಎಲ್ಲಕ್ಕೂ ಸೊನ್ನೆ. ಕೊನೆಗೆ ಆಡನ್ನೂ ಕೇಳಿದೆವು. ಬೇರೆ ವಿಧಾನದಲ್ಲಿ ಪರೀಕ್ಷಿಸುವ ಪ್ರಯೋಗಾಲಯ ಹೊರರಾಜ್ಯದಲ್ಲಿದೆ, ಅಲ್ಲಿಗೂ ಒಂದು ಚೂರು ಕಳಿಸಿದೆವು, ಸರದಿ ಬರಲು ಎರಡು ತಿಂಗಳು. ನ್ಯಾಯಾಲಯದಿಂದ ಜ್ಞಾಪನ ಬಂದಾಗಿತ್ತು. “ಕಂಡಿದ್ದನ್ನ ಬರಿ ಗಿರಿಜೇ, ಕಾಣದ್ದನ್ನ ಬರೀಬೇಡ” ಎಂದರು ಸಾರ್. ಕಂಡದ್ದು ಏನೂ ಇರಲಿಲ್ಲವಾದ್ದರಿಂದ ನಾನು ಕಾಣದ್ದನ್ನೇ ಬರೆದೆ: ಸದರಿ ಮಾದರಿಯು ಹಸು ಅಥವಾ ಕೋಣದ್ದೆಂದು ದೃಢಪಟ್ಟಿರುವುದಿಲ್ಲ. ಬಹಳ ಎಚ್ಚರಿಕೆಯ ವಾಕ್ಯ. ಯಾರ ತಲೆಯ ಮೇಲೂ ಬೀಳದಂತೆ ಎಸೆದ ಕಲ್ಲು ಅದು. ಕೆಳಗೆ ನನ್ನ ಸಹಿ ಮಾಡಿ ಮುದ್ರೆ ಒತ್ತಿದೆ.

ವರದಿ ಒಯ್ಯಲು ಬಂದ ಸಜೀವನ್ ಅದನ್ನು ಎರಡು ಸಲ ಓದಿ ನಗುಮುಖವಾದರು.

“ಮೇಡಂ, ನಾಡಿನದ್ದಲ್ಲ ಅಂದ್ರೆ ಕಾಡಿನದ್ದೇ ಅಲ್ವಾ?”

“ಹಾಗಂತ ಬರೆದಿಲ್ಲ ಸಜೀವನ್. ಕಾಡುಕೋಣ ಅಂತಲೂ ಸಿಕ್ಕಿಲ್ಲ.”

“ಮತ್ತೆ ಮೂರನೇದು ಯಾವುದಿದೆ ಮೇಡಂ, ಸಮುದ್ರದ್ದಾ? ಒಲೆ ಮೇಲೆ ತಿಮಿಂಗಿಲ ಒಣಗಿಸ್ತಿದ್ರಾ ಚೇಡತ್ತಿ?”

ಜಾಮೀನು ಸಿಗಲಿಲ್ಲ. ಪತ್ರಿಕೆಯೊಂದು ‘ವಿಜ್ಞಾನಕ್ಕೂ ಸಿಗದ ಮಾಂಸ’ ಎಂದು ಬರೆಯಿತು. ಚೆಂಬನ್‌ಪಾರದ ಚಹಾದಂಗಡಿಯಲ್ಲಿ ಬೆಟ್ಟದ ಮೇಲೆ ಹೊಸದೊಂದು ಪ್ರಾಣಿ ಓಡಾಡುತ್ತಿರುವುದು ಎರಡೇ ದಿನದಲ್ಲಿ ಖಚಿತವಾಯಿತು. ಅದಕ್ಕೆ ಹಂದಿಯ ಮೂತಿ ಎಂದು ಒಬ್ಬ, ಗೊರಸಿನ ಬದಲು ಪಂಜ ಎಂದು ಇನ್ನೊಬ್ಬ. ಸಂಜೆಯಾದ ಮೇಲೆ ಹಾಲು ಕರೆಯಲು ಹೆಂಗಸರು ಕೊಟ್ಟಿಗೆಗೆ ಹೋಗುವುದನ್ನು ಬಿಟ್ಟರು. ಸೃಷ್ಟಿಕರ್ತನಿಗೆ ಆರು ದಿನ ಹಿಡಿದ ಕೆಲಸಕ್ಕೆ ತಮಗೆ ಒಂದು ಕ್ಷಣ ಸಾಕಾಯಿತು. ಒಂದು ಸೊನ್ನೆಯಿಂದ ಇಡೀ ಪ್ರಾಣಿಯನ್ನು ಮಾಡಿ ಬೆಟ್ಟಕ್ಕೆ ಬಿಟ್ಟಿರಿ. ಅಭಿನಂದನೆಗಳು.

ಭಾನುವಾರ ಬಂದು ಹೋಯಿತು. ಇಗರ್ಜಿಯ ಪಾದ್ರಿ ಅಚ್ಚನ್ ಒಬ್ಬ ಹುಡುಗಿಗಾಗಿ ಹತ್ತೊಂಬತ್ತು ಮಕ್ಕಳ ದಿನವನ್ನು ಮುಂದೂಡಲಾಗದೆಂದರು; ಅವರು ಹೇಳಿದ್ದು ಸರಿಯೇ. ಜೆಸ್ಲಿನ್ ಬಿಳಿಯ ಫ್ರಾಕು ತೊಟ್ಟು ಮೆರವಣಿಗೆಯಲ್ಲಿ ನಡೆದಳು. ಮನೆಯಲ್ಲಿ ಫಾರಂ ಕೋಳಿಯ ಸಾರು ಮಾಡಿದ್ದರು. ಬಂದ ನೆಂಟರು ಪ್ರತಿ ತುಂಡನ್ನೂ ತಿರುಗಿಸಿ ಮುರುಗಿಸಿ ನೋಡಿ ಬಾಯಿಗಿಟ್ಟರೆಂದು ಬಿಜೋಯಿ ಆಮೇಲೆ ನನಗೆ ಹೇಳಿದ.

ಹದಿನಾಲ್ಕನೆಯ ದಿನ ಹೇಳಿಕೆ ಕೊಡಲು ನ್ಯಾಯಾಲಯಕ್ಕೆ ಹೋದಾಗ ನಾನು ಶೋಶಮ್ಮನವರನ್ನು ಮೊದಲ ಸಲ ಕಂಡೆ. ಜಗಲಿಯ ಬೆಂಚಿನಲ್ಲಿ ಇಬ್ಬರು ಹೆಣ್ಣು ಪೊಲೀಸರ ನಡುವೆ ಕೂತಿದ್ದರು. ನಾನೇ ಆ ಪರೀಕ್ಷೆ ಮಾಡಿದವಳು ಎಂದು ಯಾರೋ ಹೇಳಿದರು. ಅವರು ಬೈಯಬಹುದೆಂದು ನಾನು ಹೆದರಿದ್ದೆ. ಸರಿದು ಕೂತು, ಮಗಳೇ ಎಂದು ಕರೆದು ಪಕ್ಕದಲ್ಲಿ ಜಾಗ ಮಾಡಿದರು.

“ಕೂತ್ಕೋ ಮೋಳೇ. ನಾನು ಉಪ್ಪು ಹಾಕಿದ್ದು ಹೆಚ್ಚಾಗಿತ್ತಾ?”

“ನಾನು ತಿಂದು ನೋಡಲ್ಲ ಚೇಡತ್ತಿ. ನಾನು ಮಾಂಸ ತಿನ್ನೋವಳಲ್ಲ.”

“ಹಾಗಾದ್ರೆ ಮೂಸಿ ನೋಡ್ತೀಯಾ?”

“ಇಲ್ಲ. ಅದರೊಳಗಿನ ಅಕ್ಷರಗಳನ್ನ ಕಂಪ್ಯೂಟರಿಗೆ ಕೊಡ್ತೀನಿ. ಅದು ಹುಡುಕಿ ಹೇಳತ್ತೆ.”

“ಅದು ತಿನ್ನತ್ತಾ?”

“ಇಲ್ಲ.”

ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, “ಐವತ್ತು ವರ್ಷ ಕೋಣ ಬೇಯಿಸಿದ ನನ್ನನ್ನ ಒಬ್ಬರೂ ಕೇಳ್ಲಿಲ್ಲ ಮೋಳೇ. ತಿನ್ನದೇ ಇರೋ ನಿನ್ನನ್ನ ಕೇಳಿದ್ರು, ನೀನು ಬಾಯೇ ಇಲ್ಲದ್ದನ್ನ ಕೇಳಿದೆ” ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವರನ್ನು ಮತ್ತೆ ಹದಿನಾಲ್ಕು ದಿನಕ್ಕೆ ಕಳಿಸಿದರು.

ಮರುದಿನ ನಾನು ತಮ್ಮ ಅನುಮತಿಯಿಲ್ಲದೆ ಒಂದು ಅಪರಾಧ ಮಾಡಿದೆ. ಆರುನೂರು ಅಕ್ಷರಗಳನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ, ನಮ್ಮ ಕಚೇರಿಯ ಜವಾನ ದಿವಾಕರೇಟ್ಟನ ಕೈಗೆ ಕೊಟ್ಟು, ಗಟ್ಟಿಯಾಗಿ ಓದಲು ಹೇಳಿದೆ. ನಿವೃತ್ತಿಗೆ ಎರಡು ವರ್ಷವಿರುವ ದಿವಾಕರೇಟ್ಟ ಕರ್ಕಾಟಕ ಮಾಸವಿಡೀ ತಮ್ಮ ಮನೆಯ ದೀಪದ ಮುಂದೆ ರಾಮಾಯಣ ಓದುವವರು. ಅದು ಕರ್ಕಾಟಕ ಮಾಸವೇ. ಗಂಟಲು ಹದವಾಗಿತ್ತು. ಅಂತ್ಯಾಕ್ಷರಿಯಂಥ ಅಕ್ಷರಶ್ಲೋಕದ ಸ್ಪರ್ಧೆಗಳಲ್ಲಿ ಅಕ್ಷರ ಕಾದು ಕೂತು ಬೆಳೆದ ನಾನು ಕಣ್ಣು ಮುಚ್ಚಿ, ಕೋಣದ ಹದಿಮೂರು ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಎದುರಿಗೆ ಕೂತೆ.

“ರಾಗವಾಗಿ ಬೇಡ ದಿವಾಕರೇಟ್ಟಾ, ಸುಮ್ನೆ ಓದಿ.”

“ರಾಗ ಬಿಟ್ರೆ ನನಗೆ ಸಾಲು ತಪ್ಪತ್ತೆ ಮೋಳೇ” ಎಂದು ಅವರು ಓದತೊಡಗಿದರು. ಸೀತೆಯ ವಿಲಾಪದ ಧಾಟಿಯಲ್ಲಿ ಎ, ಟಿ, ಜಿ, ಸಿಗಳು ಹರಿದವು. ಪಕ್ಕದ ಕೋಣೆಯ ಗುಮಾಸ್ತೆ ಬಂದು ಬಾಗಿಲಲ್ಲಿ ನಿಂತು ಕೈ ಮುಗಿದು ಹೋದಳು. ಪುರಾಣ ಓದಿ ಪಳಗಿದವರು ಕಣ್ಣಿಗೆ ಸಾಲು ಮುಗಿಯಿತೆಂದು ನಾಲಿಗೆಯನ್ನು ನಿಲ್ಲಿಸುವುದಿಲ್ಲ. ಅರ್ಥ ಮುಗಿಯುವವರೆಗೆ, ಉಸಿರಿರುವವರೆಗೆ ಮುಂದಕ್ಕೆ ಹೋಗುತ್ತಾರೆ. ಏಳನೆಯ ಸಾಲಿನ ಕೊನೆಗೆ ಬಂದರು: ಎ, ಸಿ, ಸಿ, ಟಿ, ಜಿ, ಎ, ಟಿ. ನಿಲ್ಲಿಸದೆ ಎಂಟನೆಯದಕ್ಕೆ ಇಳಿದರು: ಟಿ, ಸಿ, ಜಿ, ಸಿ, ಎ, ಎ.

ನಾನು ಕಣ್ಣು ಬಿಟ್ಟೆ. “ಇನ್ನೊಂದು ಸಲ ಓದಿ” ಎಂದೆ. ಅವರು ಇನ್ನೊಂದು ಸಲ ಓದಿದರು. ಕೋಣ ಅಲ್ಲಿತ್ತು. ಏಳು ಅಕ್ಷರ ಮೇಲಿನ ಸಾಲಿನ ತುದಿಯಲ್ಲಿ, ಆರು ಅಕ್ಷರ ಕೆಳಗಿನ ಸಾಲಿನ ಮೊದಲಲ್ಲಿ, ತಲೆ ಒಂದು ಗದ್ದೆಯಲ್ಲಿ, ಬಾಲ ಇನ್ನೊಂದರಲ್ಲಿ ಇಟ್ಟು ಬದುವಿನ ಮೇಲೆ ಸಾವಧಾನವಾಗಿ ನಿಂತಿತ್ತು.

ತಾವು ಒಂದೊಂದು ಸಾಲನ್ನೂ ಬೇರೆ ಬೇರೆಯಾಗಿ ನೋಡುತ್ತೀರಿ ಎಂಬುದು ನನಗೆ ಅಂದು ತಿಳಿಯಿತು. ಮೊದಲು ನಮ್ಮ ಓದುಯಂತ್ರ ಎಲ್ಲವನ್ನೂ ಒಂದೇ ಉದ್ದ ಸಾಲಾಗಿ ಕೊಡುತ್ತಿತ್ತು. ಎರಡು ತಿಂಗಳ ಹಿಂದೆ ದುರಸ್ತಿಗೆ ಬಂದವರು ನೋಡಲು ಚೆನ್ನಾಗಿರಲೆಂದು ಅರವತ್ತು ಅಕ್ಷರಕ್ಕೊಂದು ಸಾಲು ಮುರಿಯುವಂತೆ ಮಾಡಿ ಹೋಗಿದ್ದರು. ಪದ ಸಾಲಿನ ನಡುವೆ ಬಿದ್ದರೆ ತಮಗೆ ಕಾಣುತ್ತದೆ, ಮುರಿದಲ್ಲಿ ಬಿದ್ದರೆ ಕಾಣುವುದಿಲ್ಲ. ಮಾದರಿಯಿಂದ ಮಾದರಿಗೆ ಓದು ಶುರುವಾಗುವ ಜಾಗ ಬೇರೆಯಾದ್ದರಿಂದ ಯಾವ ಪ್ರಾಣಿ ಎಲ್ಲಿ ಬೀಳುವುದೋ ಯಾರೂ ಹೇಳಲಾರರು. ಸಾಲುಗಳನ್ನೆಲ್ಲ ಜೋಡಿಸಿ ಮತ್ತೆ ತಮ್ಮ ಮುಂದಿಟ್ಟೆ. “ಒಂದು ಕಡೆ ಸಿಕ್ಕಿದೆ, ನಾನೂರ ಹದಿನಾಲ್ಕನೆಯ ಅಕ್ಷರದಿಂದ” ಎಂದಿರಿ. ಒಂದಿಷ್ಟೂ ಕೆಂಪಾಗದೆ, ಹಿಂದಿನ ಮಾತನ್ನು ನೆನೆಯದೆ, ಮೊದಲಿನಷ್ಟೇ ಸೌಜನ್ಯದಿಂದ. ಸುಳ್ಳು ಹೇಳಿ ಸಿಕ್ಕಿಬಿದ್ದ ನಮ್ಮ ಎಷ್ಟೋ ನಾಯಕರಿಗೂ ಈ ಮುಖಸ್ಥೈರ್ಯ ಒಲಿದಿಲ್ಲ.

ತಮ್ಮ ಸಹಾಯ ಪುಟವನ್ನು ಅಂದು ಮೊದಲ ಬಾರಿ ಕೊನೆಯವರೆಗೂ ಓದಿದೆ. ಎಲ್ಲಕ್ಕಿಂತ ಕೆಳಗೆ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಇತ್ತು: ಅಕ್ಷರಮಾಲೆಯನ್ನು ಒಂದೇ ಸಾಲಿನಲ್ಲಿ ಕೊಡತಕ್ಕದ್ದು. ಮಾನ್ಯರೇ, ನಾನು ದೂರು ಕೊಡಲು ಕೂತವಳು, ಆದರೂ ಇಲ್ಲಿ ಸುಳ್ಳು ಹೇಳಲಾರೆ. ತಾವು ಹೇಳಿದ್ದಿರಿ. ನಾನು ಆರು ವರ್ಷ ಅಲ್ಲಿಯವರೆಗೆ ಇಳಿದಿರಲಿಲ್ಲ. ವರದಿಯ ಕೆಳಗೆ ಇದ್ದದ್ದು ತಮ್ಮ ಸಹಿಯಲ್ಲ. ನಾನು ಎಡಗೈಯಿಂದ ಕಾಗದ ಒತ್ತಿ ಹಿಡಿದು ಬಲಗೈಯಿಂದ ಹಾಕಿದ, ಪಿಷಾರಡಿಯ ‘ಡಿ’ಗೆ ಉದ್ದ ಬಾಲವಿರುವ ಸಹಿ. ಆ ಬಾಲ ಎಳೆಯುವಾಗ ಒಬ್ಬ ಮುದುಕಿ ಜೈಲಿನ ಅಂಗಳದಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು.

ಉತುಪ್ಪ್ ಸಾರ್ ಬಾಗಿಲು ಮುಚ್ಚಿ ಬಂದು ಕೂತರು. “ಹೊಸ ವರದಿ ಕೊಟ್ರೆ ಹಳೇದು ತಪ್ಪು ಅಂತಾಯ್ತು. ದುರಸ್ತಿಯಾದ ಮೇಲೆ ಹೋದ ವರದಿಗಳನ್ನೆಲ್ಲ ಕೇಳ್ತಾರೆ. ಸ್ವಲ್ಪ ಯೋಚನೆ ಮಾಡು ಗಿರಿಜೇ. ಹೇಗೂ ಎರಡು ತಿಂಗಳಲ್ಲಿ ಹೊರಗಿನ ವರದಿ ಬರತ್ತೆ, ಆಗ ಅವರು ಬಿಡುಗಡೆ ಆಗ್ತಾರೆ. ನಮ್ಮ ಹೆಸರೂ ಉಳಿಯತ್ತೆ.”

“ಅವರ ವಯಸ್ಸು ಎಪ್ಪತ್ತೊಂದು ಸಾರ್.”

“ಗೊತ್ತು.”

“ಎರಡು ತಿಂಗಳು ಅಂದ್ರೆ ನಿಮಗೆ ನನಗೆ ಎರಡು ತಿಂಗಳು. ಅವರಿಗಲ್ಲ.”

ಸಾರ್ ಕನ್ನಡಕ ಒರೆಸುತ್ತಾ ಕೂತರು. ಕೊನೆಗೆ, “ಸಹಿ ನೀನೊಬ್ಬಳೇ ಹಾಕಬೇಡ, ನನ್ನ ಹೆಸರೂ ಟೈಪ್ ಮಾಡಿಸು” ಎಂದು ಎದ್ದು ಹೋದರು. ಮೊದಲ ವರದಿ ತಪ್ಪು, ಮಾಂಸ ಸಾಕಿದ ಕೋಣದ್ದು, ತಪ್ಪು ನಮ್ಮದು ಎಂಬ ಮೂರು ಸಾಲಿನ ವರದಿ ಹೋಯಿತು. ಹತ್ತೊಂಬತ್ತನೆಯ ದಿನ ಶೋಶಮ್ಮ ಚೇಡತ್ತಿ ಮನೆಗೆ ಬಂದರು. ಜಪ್ತಿಯಾಗಿದ್ದ ಮಾಂಸವನ್ನೂ ಮುದ್ರೆಯೊಡನೆ ಹಿಂದಿರುಗಿಸಲಾಯಿತು. ಅಷ್ಟರಲ್ಲಿ ಅದಕ್ಕೆ ಹಸಿರು ಬೂಷ್ಟು ಹಿಡಿದಿತ್ತು. ಸಜೀವನ್ ತಾವೇ ತಲುಪಿಸಲು ಹೋಗಿ ಅಂಗಳದಲ್ಲಿ ಕಾಲು ಬದಲಿಸುತ್ತಾ ನಿಂತಾಗ, “ತಿಮಿಂಗಿಲ ವಾಪಸ್ ತಂದ್ಯಾ ಸಜೀವಾ? ಬಾ, ಒಳಗೆ ಬಂದು ಚಹಾ ಕುಡಿ” ಎಂದರಂತೆ.

ನಾನು ಕ್ಷಮೆ ಕೇಳಲು ಹೋದ ಮಧ್ಯಾಹ್ನ ಅವರು ಬೇಯಿಸಿದ ಮರಗೆಣಸು, ಗಾಂಧಾರಿ ಮೆಣಸು ಅರೆದ ಚಟ್ನಿ ಬಡಿಸಿದರು. ಪಾತ್ರೆಯನ್ನು ಬೇರೆಯಾಗಿ ಉಜ್ಜಿಸಿದ್ದೇನೆ, ಹೆದರಬೇಡ ಎಂದರು. ನಾನು ತಂದಿದ್ದ ಮಾತುಗಳಲ್ಲಿ ಅರ್ಧವನ್ನೂ ಆಡಲಾಗಲಿಲ್ಲ; ಖಾರದ ನೆಪದಲ್ಲಿ ಕಣ್ಣೊರೆಸಿಕೊಂಡೆ. ಜೆಸ್ಲಿನ್ ಆ ಭಾನುವಾರದ ಫೋಟೋ ತಂದು ತೋರಿಸಿದಳು. ಚೇಡತ್ತಿ ಅದನ್ನು ದೂರ ಹಿಡಿದು ನೋಡಿ, “ಫ್ರಾಕಿನ ಹಿಂದೆ ಗುಂಡಿ ಒಂದು ಹಾಕಿಲ್ಲ ನೋಡು. ನಾನಿದ್ದಿದ್ರೆ ಹಾಕ್ತಿದ್ದೆ” ಎಂದರು, ಅಷ್ಟೇ.

ಆದ್ದರಿಂದ ಮಾನ್ಯರಲ್ಲಿ ಕೆಲವು ನಮ್ರ ಕೋರಿಕೆಗಳು. ತಾವು ಒಮ್ಮೆ ಈ ಬೆಟ್ಟಕ್ಕೆ ಬಸ್ಸಿನಲ್ಲಿ ಬಂದು, ಆ ಗುಂಡಿಯನ್ನು ಹಾಕಿಕೊಡಬೇಕು. ಹಾಗೆಯೇ ತಾವು ಸೃಷ್ಟಿಸಿ ಬಿಟ್ಟ ಪಂಜದ ಪ್ರಾಣಿಯನ್ನು ಹಿಡಿದು ಒಯ್ಯಬೇಕು. ಅದನ್ನು ಕಣ್ಣಾರೆ ಕಂಡವರು ಈಗ ಹನ್ನೊಂದು ಜನರಿದ್ದಾರೆ, ಕೋಣವೆಂದರೆ ಒಪ್ಪುತ್ತಿಲ್ಲ. ಇವು ತಮ್ಮ ಘನತೆಗೆ ಹೆಚ್ಚೆನಿಸಿದರೆ ಒಂದನ್ನಾದರೂ ನಡೆಸಿಕೊಡಿ: ಸೊನ್ನೆ ಎಂದು ತೋರಿಸುವ ಜಾಗದಲ್ಲಿ ‘ನನಗೆ ಕಾಣಲಿಲ್ಲ’ ಎಂದು ಬರೆಯಿರಿ. ಇಲ್ಲ ಎನ್ನುವುದು ದೇವರು ಆಡಬಹುದಾದ ಮಾತು. ಕಾಣಲಿಲ್ಲ ಎನ್ನಲು ನನ್ನಂಥವಳಿಗೂ ನಾಚಿಕೆಯಾಗುತ್ತದೆ, ಬಲ್ಲೆ. ಇನ್ನು ಮುಂದೆ ನಮ್ಮ ವರದಿಗಳಲ್ಲಿ ನಾನೂ ಹಾಗೆಯೇ ಬರೆಯುವೆ. ಇಬ್ಬರೂ ಒಟ್ಟಿಗೆ ನಾಚಿದರೆ ಭಾರ ಕಡಿಮೆಯಾದೀತು.

ಬೇರೆ ಗತಿಯಿಲ್ಲದ ತಮ್ಮ ವಿಶ್ವಾಸಿ,
ಗಿರಿಜಾ ಪಿಷಾರಡಿ

ಮರೆತ ಮಾತು: ದುರಸ್ತಿಯ ನಂತರ ಹೋದ ಮೂವತ್ತೆಂಟು ವರದಿಗಳನ್ನೂ ಸಾಲು ಜೋಡಿಸಿ ಮತ್ತೆ ನೋಡಿದೆವು. ಮೂವತ್ತಾರು ಸರಿಯಿದ್ದವು. ಶೋಶಮ್ಮನವರದಲ್ಲದೆ ತಪ್ಪಿದ್ದ ಇನ್ನೊಂದು, ಕೆಳಗಿನ ಪೇಟೆಯ ಹೆಂಡದಂಗಡಿಯ ಅಡುಗೆಯವ ಪೊನ್ನಪ್ಪನ್‌ದು. ಅದು ಹಸುವಿನ ಮಾಂಸ. ಆದರೆ ಪೊನ್ನಪ್ಪನ್ ವಾದ ಮಾಡದೆ, ಕಾಡುಕೋಣ ಹೊಡೆದೆನೆಂದು ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸುತ್ತಿದ್ದಾನೆ. ಬಿಡುಗಡೆಯ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಲು ನಾನೇ ಜೈಲಿಗೆ ಹೋದೆ. “ಕಂಪ್ಯೂಟರೇ ಹೇಳಿದ ಮೇಲೆ ನಾನೇನು ಹೇಳೋದು ಮೇಡಂ, ಹೊಡೆದಿರಬೇಕು” ಎಂದ. ಹಸು ಎಂದು ಎಷ್ಟು ಹೇಳಿದರೂ ತಲೆ ಅಲ್ಲಾಡಿಸುತ್ತಾನೆ. ಈಗ ಅವನಿಗೆ ತಾನು ಮರೆಯಲ್ಲಿ ನಿಂತು ಗುಂಡು ಹೊಡೆದ ಬಂಡೆ, ಕಾಡುಕೋಣ ಬಿದ್ದ ಹಳ್ಳ, ಅದು ಕೊನೆಗೆ ತನ್ನನ್ನು ನೋಡಿದ ನೋಟ ಎಲ್ಲವೂ ನೆನಪಿದೆ. ಹೆಬ್ಬೆಟ್ಟು ಬೀಳದ ಅರ್ಜಿ ಇನ್ನೂ ನನ್ನ ಚೀಲದಲ್ಲಿದೆ. ಅವನು ಬಂದೂಕು ಮುಟ್ಟಿದವನೇ ಅಲ್ಲವೆಂದು ಅವನನ್ನು ನಂಬಿಸುವ ಗುಂಡಿ ತಮ್ಮಲ್ಲಿ ಯಾವ ಪುಟದ ಕೆಳಗಿದೆ ಎಂದು ತಿಳಿಸಿದರೆ, ಈ ಸಲ ಕೊನೆಯವರೆಗೂ ಓದುತ್ತೇನೆ.